ಶುಭಂ ಬರುವ ಮುಂಚೆ ಎದ್ದವರು

ಮೊದಲು ಕೇಳಿಸಿದ್ದು ಕುರ್ಚಿ ಸದ್ದು. ಟಪ್, ಟಪ್, ಆಮೇಲೆ ಟಪಟಪಟಪ. ಮ್ಯಾಂಚೆಸ್ಟರ್‌ನ ಎತಿಹಾದ್ ಸ್ಟೇಡಿಯಂನಲ್ಲಿ ನಾನು ನೋಡಿದ ಮೊದಲ ಫುಟ್‌ಬಾಲ್ ಪಂದ್ಯ ಅದು. ಊರಿನ ತಂಡ ಮ್ಯಾಂಚೆಸ್ಟರ್ ಸಿಟಿ ಮೂರು ಗೋಲು ಮುಂದಿತ್ತು, 90 ನಿಮಿಷದ ಆಟ 83ನೇ ನಿಮಿಷದಲ್ಲಿತ್ತು. ನನ್ನ ಸಾಲಿನವರು ಒಬ್ಬೊಬ್ಬರೇ ಎದ್ದು, ‘ಸಾರಿ, ಸಾರಿ’ ಎನ್ನುತ್ತಾ ನನ್ನ ಮೊಣಕಾಲು ದಾಟಿ ಹೊರಟರು. ಎದ್ದ ಕೂಡಲೇ ಸೀಟು ತಾನಾಗಿ ಮಡಚಿಕೊಂಡು ಟಪ್ ಎನ್ನುತ್ತಿತ್ತು.

ಈ ಸದ್ದು ನನಗೆ ಹೊಸದಲ್ಲ. ಹಾಸನದ ಟಾಕೀಸಿನಲ್ಲಿ ಕೊನೆಯ ಫೈಟ್ ಮುಗಿದು ಪೊಲೀಸ್ ಜೀಪು ಬಂತು ಅಂದರೆ ಇದೇ ಸದ್ದು. ಶುಭಂ ಅಂತ ಬರುವವರೆಗೆ ನಮ್ಮಪ್ಪ ಒಂದು ದಿನವೂ ಕೂತವರಲ್ಲ. ಹೊರಗೆ ನಮ್ಮ ಸ್ಕೂಟರಿಗೆ ಅಡ್ಡವಾಗಿ ಇಪ್ಪತ್ತು ಸೈಕಲ್ ನಿಂತಿರುತ್ತಿದ್ದವು. ಎಷ್ಟೋ ಸಿನಿಮಾಗಳ ಕೊನೆಯನ್ನು ನಾನು ನೋಡಿದ್ದು ಅಪ್ಪನ ಕೈ ಹಿಡಿದು ಬಾಗಿಲ ಕಡೆ ನಡೆಯುತ್ತಾ, ಕತ್ತು ಹಿಂದಕ್ಕೆ ತಿರುಗಿಸಿಕೊಂಡು.

ಆದರೆ ಅಲ್ಲಿ ಟಿಕೆಟ್‌ಗೆ ಕೊಡುತ್ತಿದ್ದುದು ಚಿಲ್ಲರೆ ದುಡ್ಡು. ಇಲ್ಲಿ ನಾನು ಕೊಟ್ಟಿದ್ದು ಒಂದು ವಾರದ ದಿನಸಿ ದುಡ್ಡು. ಹಾಗಾಗಿ ಅಲ್ಲಾಡದೆ ಕೂತೆ. ಆ ಕಡೆ ಮೂಲೆಯಲ್ಲಿ ಎದುರಾಳಿ ಊರಿನವರ ಗುಂಪು. ಮೂರು ಗೋಲು ತಿಂದಿದ್ದರೂ ಕೂತಿರಲಿಲ್ಲ, ನಿಂತೇ ಹಾಡುತ್ತಿದ್ದರು. ಖಾಲಿಯಾಗುತ್ತಿದ್ದ ನಮ್ಮ ಕಡೆ ಬೆರಳು ತೋರಿಸಿ ಒಂದು ಹಾಡು ಶುರು ಮಾಡಿದರು. ‘ಏನ್ರೋ, ಫೈರ್ ಡ್ರಿಲ್ಲಾ?’ ಅನ್ನುವುದು ಅದರ ಅರ್ಥ. ಇಂಗ್ಲೆಂಡಿನ ಎಲ್ಲ ಮೈದಾನಗಳಲ್ಲೂ ಈ ಕುಹಕ ಇದೆಯಂತೆ.

ನನಗೆ ಟಿಕೆಟ್ ಕೊಡಿಸಿದವರು ಆಫೀಸಿನ ಹಿರಿಯರೊಬ್ಬರು. ಅರವತ್ತು ದಾಟಿದೆ, ಚಿಕ್ಕಂದಿನಿಂದ ಸಿಟಿ ಅಭಿಮಾನಿ, ವರ್ಷವರ್ಷ ಸೀಸನ್ ಟಿಕೆಟ್. ಆ ದಿನ ಮೊದಲು ಎದ್ದವರೇ ಅವರು! ‘ನೀನು ಕೂತು ನೋಡು, ನಾನು ಟ್ರಾಮ್ ಹಿಡೀತೀನಿ’ ಅಂತ ಹೊರಟೇಬಿಟ್ಟರು.

ಟ್ರಾಮ್ ಕಥೆ ಆಮೇಲೆ ಗೊತ್ತಾಯಿತು. ಐವತ್ತು ಸಾವಿರಕ್ಕೂ ಜಾಸ್ತಿ ಜನ ಹಿಡಿಯುವ ಮೈದಾನ, ಪಕ್ಕದಲ್ಲಿ ಒಂದು ಟ್ರಾಮ್ ನಿಲ್ದಾಣ. ಸೀಟಿ ಊದಿದ ಮೇಲೆ ಹೊರಬಂದರೆ ಬೇಲಿ ಕಟ್ಟಿ, ಕುರಿ ಬಿಟ್ಟ ಹಾಗೆ ಸ್ವಲ್ಪಸ್ವಲ್ಪ ಜನರನ್ನೇ ಬಿಡುತ್ತಾರೆ. ಇಲ್ಲವಾದರೆ ಪಿಕಡಿಲಿ ರೈಲು ನಿಲ್ದಾಣದವರೆಗೆ ಅರ್ಧ ಗಂಟೆ ನಡಿಗೆ. ಎಂಟಕ್ಕೆ ಶುರುವಾಗುವ ಪಂದ್ಯ ಮುಗಿಯುವಾಗ ಹತ್ತಾಗಿರುತ್ತದೆ. ಜೊತೆಗೆ ಮಳೆ. ಮ್ಯಾಂಚೆಸ್ಟರ್ ಅಂದಮೇಲೆ ಮಳೆ ಇರಲೇಬೇಕಲ್ವಾ?

ಕೆಲವರು ಹಾಫ್‌ಟೈಮ್‌ಗೂ ಮುಂಚೆ ಏಳುತ್ತಾರೆ, ಅದು ಬಿಯರ್‌ಗೆ. 1985ರ ಕಾನೂನಿನ ಪ್ರಕಾರ ಆಟ ಕಾಣುವ ಜಾಗದಲ್ಲಿ ಕುಡಿಯುವಂತಿಲ್ಲ. ಮೆಟ್ಟಿಲಿಳಿದು ಹೋಗಿ, ಕ್ಯೂ ನಿಂತು, ಅಲ್ಲೇ ಕುಡಿದು ಮುಗಿಸಿ ಬರಬೇಕು.

ಒಂದು ದಿನ ಊಟದ ಹೊತ್ತಿನಲ್ಲಿ ಆ ಹಿರಿಯರು 2012ರ ಮೇ 13ರ ಕಥೆ ಹೇಳಿದರು. 44 ವರ್ಷದಿಂದ ಸಿಟಿ ಇಂಗ್ಲೆಂಡಿನ ಲೀಗ್ ಗೆದ್ದಿರಲಿಲ್ಲ. ಆ ದಿನ ಲೀಗಿನ ಕೊನೆಯ ಪಂದ್ಯದಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಂಡವನ್ನು ಸೋಲಿಸಿದ್ದರೆ ಸಾಕಿತ್ತು. ಎದುರಾಳಿಗಳಲ್ಲಿ ಒಬ್ಬ ರೆಡ್ ಕಾರ್ಡ್ ತಿಂದು ಹೊರಗೆ ಹೋಗಿದ್ದ. ಆದರೂ 90 ನಿಮಿಷ ಮುಗಿದಾಗ ಸಿಟಿ 1-2ರಿಂದ ಹಿಂದೆ, ಉಳಿದದ್ದು ಮಧ್ಯೆ ನಿಂತ ಆಟಕ್ಕೆ ಸೇರಿಸುವ ಕೆಲವೇ ನಿಮಿಷ. ಮಗ ಅಳುತ್ತಿದ್ದ, ಇವರು ಅವನನ್ನು ಎಬ್ಬಿಸಿಕೊಂಡು ಹೊರಟರು. ರಸ್ತೆಗೆ ಬಂದಾಗ ಒಂದು ಗರ್ಜನೆ. 92ನೇ ನಿಮಿಷ, ಸಿಟಿಯ ಜೆಕೋ ಗೋಲು. ‘ಈಗ್ಯಾಕೆ ಬೇಕಿತ್ತು’ ಅಂದುಕೊಂಡು ಹತ್ತು ಹೆಜ್ಜೆ ಇಟ್ಟಿರಬಹುದು. ಇನ್ನೊಂದು ಗರ್ಜನೆ, ನೆಲ ನಡುಗುವ ಹಾಗೆ. 93 ನಿಮಿಷ 20 ಸೆಕೆಂಡ್, ಅಗ್ವೆರೋ. ಸಿಟಿ ಚಾಂಪಿಯನ್.

‘ಆ ದಿನ ಮೈದಾನದಲ್ಲಿದ್ದೆ ಅಂತ ಎಲ್ಲರಿಗೂ ಹೇಳ್ತೀನಿ, ಸುಳ್ಳೇನಲ್ಲ’ ಎಂದರು. ಮಗ ಇವತ್ತಿಗೂ ಕ್ಷಮಿಸಿಲ್ಲವಂತೆ.

ನಾನು ಅವರಿಗೆ 1996ರ ಟೈಟನ್ ಕಪ್ ಹೇಳಿದೆ. ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ಎದುರು ಸಚಿನ್ 88ಕ್ಕೆ ಔಟಾದಾಗ ಅಪ್ಪ ಟಿವಿ ಆರಿಸಿ ವಾಕಿಂಗ್ ಹೋದರು. ಎಂಟು ವಿಕೆಟ್ ಬಿದ್ದ ಮೇಲೆ ಶ್ರೀನಾಥ್ ಮತ್ತು ಕುಂಬ್ಳೆ, ಇಬ್ಬರೂ ನಮ್ಮವರೇ, ಮುರಿಯದ 52 ರನ್ ಸೇರಿಸಿ ಗೆಲ್ಲಿಸಿದರು. ಅಪ್ಪನಿಗೆ ಅದು ಗೊತ್ತಾಗಿದ್ದು ಬೀದಿಯಲ್ಲಿ ಹೊಡೆದ ಪಟಾಕಿಯಿಂದ.

‘ಅಷ್ಟೆಲ್ಲಾ ಆದಮೇಲೂ ಬೇಗ ಏಳ್ತೀರಲ್ಲ?’ ಎಂದು ಕೇಳಿದೆ. ವರ್ಷಕ್ಕೆ 19 ಲೀಗ್ ಪಂದ್ಯ ಇಲ್ಲೇ ನೋಡ್ತೀನಿ, ಎಲ್ಲದಕ್ಕೂ ಕೊನೇವರೆಗೆ ಕೂತರೆ ಮನೆಯಲ್ಲಿ ಊಟ ತಣ್ಣಗಾಗುತ್ತೆ ಎಂದರು. 2022ರ ಮೇ 22ರಂದು ಮಾತ್ರ ಏಳಲಿಲ್ಲವಂತೆ. ಅವತ್ತೂ ಕೊನೆಯ ಪಂದ್ಯ. 75 ನಿಮಿಷ ಆದರೂ ಆಸ್ಟನ್ ವಿಲ್ಲಾ ಎದುರು 0-2. ಆಮೇಲೆ ಐದಾರು ನಿಮಿಷದೊಳಗೆ ಮೂರು ಗೋಲು, ಮತ್ತೆ ಚಾಂಪಿಯನ್.

ಬೇಗ ಎದ್ದು ಹೋಗುವವರಿಗೆ ಅಭಿಮಾನ ಕಮ್ಮಿ ಅಂತ ಮೊದಲು ಅಂದುಕೊಂಡಿದ್ದೆ. ಲಿವರ್‌ಪೂಲ್‌ನ ಕೋಚ್ ಆಗಿದ್ದ ಕ್ಲಾಪ್ ಕೂಡ 2015ರಲ್ಲಿ ಜನ ಎದ್ದು ಹೋಗಿದ್ದಕ್ಕೆ ಬೇಜಾರಾಗಿ, ಒಂಟಿ ಅನಿಸಿತು ಎಂದಿದ್ದರು. ಈಗ ನನಗೆ ಹಾಗನಿಸಲ್ಲ. ದೇವಸ್ಥಾನದ ಪಕ್ಕದ ಮನೆಯವರು ಮಂಗಳಾರತಿಗೆ ಕಾಯುತ್ತಾರಾ? ಗಂಟೆ ಸದ್ದು ಕೇಳಿ ಒಳಗಿಂದಲೇ ಕೈ ಮುಗಿಯುತ್ತಾರೆ. ಬಸ್ಸಿನಲ್ಲಿ ಬಂದವರು ಪ್ರಸಾದದವರೆಗೆ ಕೂತಿರುತ್ತಾರೆ.

ಕಳೆದ ವರ್ಷ ಅಪ್ಪ ಇಲ್ಲಿಗೆ ಬಂದಿದ್ದರು. ಸ್ವೆಟರ್ ಮೇಲೆ ಜಾಕೆಟ್, ಅದರ ಮೇಲೆ ಮಫ್ಲರ್ ಸುತ್ತಿಸಿ ಪಂದ್ಯಕ್ಕೆ ಕರೆದುಕೊಂಡು ಹೋದೆ. 85ನೇ ನಿಮಿಷಕ್ಕೆ ಟಪ್ ಟಪ್ ಶುರುವಾಯಿತು. ನಮ್ಮ ಹಿರಿಯರೂ ಎದ್ದು ಅಪ್ಪನ ಕೈ ಕುಲುಕಿ ಹೊರಟರು. ನಾನು ಅಪ್ಪನ ಮುಖ ನೋಡಿದೆ.

‘ಕೂತ್ಕೊಳ್ಳೋ, ಇನ್ನೂ ಮುಗಿದಿಲ್ಲ’ ಎಂದರು. ‘ಇಲ್ಲಿ ನಮ್ಮ ಸ್ಕೂಟರ್ ಇಲ್ವಲ್ಲ.’

ಸೀಟಿ ಊದಿ, ಆಟಗಾರರು ಚಪ್ಪಾಳೆ ತಟ್ಟಿ ಒಳಗೆ ಹೋಗುವವರೆಗೂ ಅವರು ಏಳಲಿಲ್ಲ. ಆಮೇಲೆ ಟ್ರಾಮ್ ಬೇಲಿಯೊಳಗೆ ನಲವತ್ತು ನಿಮಿಷ ನಿಂತೆವು. ಅಪ್ಪ ಎರಡೂ ಕೈ ಜೇಬಿಗೆ ತುರುಕಿಕೊಂಡು ಸುಮ್ನೆ ನಿಂತಿದ್ದರು.

‘ನಿಮ್ಮ ಆಫೀಸಿನವರು ಇಷ್ಟೊತ್ತಿಗೆ ಊಟಕ್ಕೆ ಕೂತಿರ್ತಾರೆ, ಅಲ್ವಾ?’ ಎಂದರು.