ಎಫ್ ಕಾರ್ಡ್ ಜೊತೆ ನನ್ನ ಜಗಳ

ಗಿಟಾರ್ ತಂದು ಮೂರು ತಿಂಗಳಾಯ್ತು. ಎಡಗೈ ಬೆರಳ ತುದಿಗಳು ಜಡ್ಡುಗಟ್ಟಿವೆ. ಕಾರ್ಡ್ ಅಂದ್ರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸೋದು; ಸಿ ಕಾರ್ಡ್ ಇಂದ ಜಿ ಗೆ ಹೇಗೋ ಹಾರುತ್ತೇನೆ. ಎಫ್ ಬಂತೋ, ಮುಗೀತು. ತೋರುಬೆರಳೊಂದೇ ಮೊದಲ ಫ್ರೆಟ್‌ನಲ್ಲಿ (ಗಿಟಾರ್ ಕತ್ತಿನ ಮೇಲಿನ ಮೊದಲ ಲೋಹದ ಅಡ್ಡಪಟ್ಟಿಯ ಹತ್ತಿರ) 6 ತಂತಿಗಳನ್ನೂ ಅದುಮಬೇಕು. ನಾನು ಅದುಮಿದರೆ ಬರೋದು ಬರೀ ಟಪ್ ಟಪ್. ಅಡುಗೆಮನೆಯಿಂದ ಅಮ್ಮ, ‘ಏನೋ ಅದು, ತಂತಿ ಕಿತ್ತುಹೋಯ್ತಾ?’ ಅಂತಾರೆ.

ಚೀಲದೊಳಗೆ ಇಟ್ಟರೆ ವಾರವಾದರೂ ತೆಗೆಯಲ್ಲ ಅಂತ ಗೊತ್ತಾಗಿ, ಈಗ ಮಂಚದ ಪಕ್ಕವೇ ಒರಗಿಸಿಟ್ಟಿದ್ದೇನೆ. ಕಾಫಿ ಆರುವವರೆಗೆ ಅಂತ ಸುಮ್ನೆ ಕೂತರೂ ಹತ್ತು ನಿಮಿಷ ಆಗುತ್ತೆ. (ಕಾಫಿ ಪೂರ್ತಿ ತಣ್ಣಗಾಗಿರುತ್ತೆ, ಅದು ಬೇರೆ ವಿಷಯ.) ಚಿಕ್ಕಂದಿನಲ್ಲಿ ಸರಳೆ ವರಸೆಯನ್ನೇ ತಿಂಗಳುಗಟ್ಟಲೆ ಹಾಡಿಸಿದ ಸಂಗೀತದ ಮೇಷ್ಟ್ರ ಮೇಲಿದ್ದ ಸಿಟ್ಟು ಈಗ ಸ್ವಲ್ಪ ಇಳಿದಿದೆ.

ನಿನ್ನೆ ರಾತ್ರಿ ಎಫ್‌ನಲ್ಲಿ ಐದು ತಂತಿ ಸರಿಯಾಗಿ ನುಡಿದವು. ಎರಡನೆಯದು ಮಾತ್ರ ಇನ್ನೂ ಮುನಿಸಿಕೊಂಡಿದೆ.