‘ಮೇಡಂ, ಮೊದಲು ಉಸಿರು ಬಿಟ್ರಾ?’

ಭಾನುವಾರದಿಂದ ಒಂದೇ ಪ್ರಶ್ನೆ ಕಿವಿಯಲ್ಲಿ ಕೂತುಬಿಟ್ಟಿದೆ. ಹಾಲು ಕಾಯಿಸುವಾಗ, ಯಾರದೋ ಬಿಪಿ ನೋಡುವಾಗ, ರಾತ್ರಿ ದೀಪ ಆರಿಸಿದ ಮೇಲೆ. ‘ಮೇಡಂ, ಮೊದಲು ಉಸಿರು ಬಿಟ್ರಾ?’

ಕೇಳಿದವಳು ಎದೆರೋಗ ವಿಭಾಗದ ಒಬ್ಬ ನರ್ಸ್. ನನ್ನ ಮಗಳಿಗಿಂತ ಚಿಕ್ಕವಳು. ಶಿವಮೊಗ್ಗದ ಹೋಟೆಲೊಂದರ ಹಾಲ್‌ನಲ್ಲಿ ಸಿಎಂಇ ಇತ್ತು. ವೈದ್ಯರಿದ್ದ ಮನೆಗಳಲ್ಲಿ ಈ ಹೆಸರಿಗೆ ವಿವರಣೆ ಬೇಡ. ಉಳಿದವರಿಗೆ ಇಷ್ಟು ಸಾಕು: ಡಿಗ್ರಿ ಕೈಗೆ ಬಂದ ಮೇಲೂ ವೈದ್ಯರು ಐದು ವರ್ಷಕ್ಕೆ 30 ಗಂಟೆ ಪಾಠ ಕೇಳಬೇಕು ಅಂತ 2002ರ ನಿಯಮಗಳಲ್ಲೇ ಇದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ನವೀಕರಿಸಲು ಹೋದಾಗ ಆ ಗಂಟೆಗಳ ಲೆಕ್ಕ ಒಪ್ಪಿಸಬೇಕು. ಹಾಗಾಗಿ ಭಾನುವಾರ ಕ್ಲಿನಿಕ್ಕಿಗೆ ರಜೆ ಹಾಕಿ, ಬೆಳಿಗ್ಗೆ ಆರೂವರೆಗೆ ಹೊರಟು, ಗಂಟೆ ಕೂಡಿಸಲು ಹೋಗುತ್ತೇವೆ.

ಬೆಳಗಿನ ಮೊದಲ ಪಾಠ ಸಕ್ಕರೆ ಕಾಯಿಲೆಯ ಹೊಸ ಮಾತ್ರೆಗಳದ್ದು. ಬೆಂಗಳೂರಿನಿಂದ ಬಂದ ತಜ್ಞರು ‘ಇದು ನಿಮಗೆಲ್ಲ ಗೊತ್ತಿರೋದೇ’ ಅನ್ನುತ್ತ, ನಮಗೆ ಗೊತ್ತಿಲ್ಲದ ಸ್ಲೈಡುಗಳನ್ನೇ ಸರಸರನೆ ದಾಟಿಸಿದರು. ದೊಡ್ಡ ವಿದ್ವಾಂಸರು, ಅನುಮಾನವಿಲ್ಲ. ಆದರೆ ತಿಂಗಳ ಕೊನೆಗೆ ದುಡ್ಡು ಸಾಲದೆ ಮಾತ್ರೆ ಅರ್ಧ ಮಾಡಿ ನುಂಗುವ ರೋಗಿಯನ್ನು ಅವರು ನೋಡಿದ್ದಾರೋ ಇಲ್ಲವೋ. ಎರಡನೆಯದು, ಮೂರನೆಯದು ಹೀಗೇ ಹೋದವು. ಊಟ ಚೆನ್ನಾಗಿತ್ತು. ನನ್ನ ಸಹಪಾಠಿಯೊಬ್ಬ, ಪಕ್ಕದ ತಾಲ್ಲೂಕಿನವನು, ಮಧ್ಯಾಹ್ನದ ಸಹಿಯನ್ನೂ ಊಟಕ್ಕೆ ಮೊದಲೇ ಹಾಕಿ, ಹೋಳಿಗೆ ತಿಂದು, ಮಾಯವಾದ. ಕಾಲೇಜಿನಲ್ಲೂ ಅವನು ಹಾಗೇ. ಬೇಜಾರೆಂದರೆ ರೋಗಿಗಳು ಅವನನ್ನು ದೇವರು ಅನ್ನುತ್ತಾರೆ, ಮತ್ತು ಅದು ಪೂರ್ತಿ ಸುಳ್ಳಲ್ಲ.

ಊಟದ ಮೇಲೆ ಹಾಲ್‌ನಲ್ಲಿ ಉಳಿದವರು ಹದಿನಾಲ್ಕು ಜನ. ಆಗ ಈ ಹುಡುಗಿ ಒಂದು ಬಟ್ಟೆಯ ಚೀಲ ಹಿಡಿದು ಬಂದಳು. ಚೀಲದ ತುಂಬ ಔಷಧಿ ಇಲ್ಲದ ಇನ್ಹೇಲರ್‌ಗಳು, ಅಂದರೆ ನಮ್ಮ ರೋಗಿಗಳು ಹೇಳುವ ‘ಪಂಪು’. ಜೊತೆಗೆ ಪೀಪಿಯಂಥ ಒಂದು ಪ್ಲಾಸ್ಟಿಕ್ ಸಾಧನ. ಅದನ್ನು ಊದುವುದಲ್ಲ, ಉಸಿರು ಒಳಗೆ ಎಳೆಯುವುದು. ಹದವಾಗಿ ಎಳೆದರೆ ಒಂದೇ ಸ್ವರ ಬರುತ್ತದೆ, ಜೋರಾಗಿ ಎಳೆದರೆ ಎರಡು. ‘ಯಾರಾದ್ರೂ ಬಂದು ಪಂಪ್ ತಗೊಳ್ಳೋದು ತೋರಿಸ್ತೀರಾ?’ ಅಂದಳು.

ಎದ್ದವಳು ನಾನೇ. 29 ವರ್ಷ ಪ್ರಾಕ್ಟೀಸು, ಅದೂ ಮಲೆನಾಡಿನಲ್ಲಿ. ಮಳೆ, ಹೊಗೆ, ಅಡಿಕೆ ಧೂಳು, ಬೂಷ್ಟು. ಉಬ್ಬಸ ನಮ್ಮೂರಿನ ಮನೆಮಗ. ಪೀಪಿ ಬಾಯಿಗಿಟ್ಟು ಜೋರಾಗಿ ಎಳೆದೆ. ಎರಡು ಸ್ವರ, ಹಾಲ್‌ನ ಕೊನೆಯ ಕುರ್ಚಿಗೂ ಕೇಳುವಷ್ಟು. ಯಾರೋ ನಕ್ಕರು. ಪಂಪು ಕೊಟ್ಟಳು. ಅಲ್ಲಾಡಿಸಿದೆ (ಅಷ್ಟು ಸರಿ), ಬಾಯಿಗಿಟ್ಟು ಒತ್ತಿದೆ, ಎಳೆದೆ, ತೆಗೆದೆ. ಆಗ ಕೇಳಿದಳು. ‘ಮೇಡಂ, ಮೊದಲು ಉಸಿರು ಬಿಟ್ರಾ?’

ಬಿಟ್ಟಿರಲಿಲ್ಲ. ತುಂಬಿದ ಕೊಡಕ್ಕೇ ನೀರು ಹೊಯ್ದ ಹಾಗೆ. ಮೊದಲು ಉಸಿರನ್ನು ಪೂರ್ತಿ ಹೊರಗೆ ಬಿಡಬೇಕು. ತುಟಿ ಬಿಗಿದು, ನಿಧಾನವಾಗಿ ಎಳೆಯಲು ಶುರುಮಾಡಿ, ಎಳೆಯುತ್ತಲೇ ಒತ್ತಬೇಕು, ಎಳೆಯುತ್ತಲೇ ಇರಬೇಕು. ಆಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ನಾನು ಒತ್ತಿ ಆಮೇಲೆ ಎಳೆದಿದ್ದೆ, ಹಿಡಿದಿರಲಿಲ್ಲ. ಔಷಧಿಯೆಲ್ಲ ಗಂಟಲ ಗೋಡೆಗೆ. ಹುಡುಗಿ ನಗಲಿಲ್ಲ. ‘ಸುಮಾರು ಜನ ಡಾಕ್ಟ್ರಿಗೂ ಹೀಗೇ ಆಗತ್ತೆ ಮೇಡಂ’ ಅಂದಳು. ಅದು ಸಮಾಧಾನವೋ ಏಟೋ ಇನ್ನೂ ತೀರ್ಮಾನವಾಗಿಲ್ಲ.

ತಮಾಷೆ ಏನೆಂದರೆ ನನಗೆ ಅಸ್ತಮಾ ಗೊತ್ತಿಲ್ಲ ಅಂತಲ್ಲ. ಉಬ್ಬಸವನ್ನು ಆ ಕ್ಷಣಕ್ಕೆ ಇಳಿಸುವ ನೀಲಿ ಪಂಪು ಮಾತ್ರ ಕೊಟ್ಟು ಕಳಿಸಬೇಡಿ, ಸ್ಟೀರಾಯ್ಡ್ ಇರುವ ಪಂಪು ಬೇಕೇ ಬೇಕು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಲ್ಲಿ ಮಾತು ಬದಲಿಸಿದ್ದು ಗೊತ್ತು. ಅದರ ಹಿಂದಿನ ಕಾರಣವೂ ಗೊತ್ತು. ಎಂಥ ಪ್ರಶ್ನೆಪತ್ರಿಕೆ ಕೊಟ್ಟರೂ ಪಾಸಾಗುತ್ತೇನೆ. ಚೀಟಿಯಲ್ಲಿ ಬರೆದ ಔಷಧಿ ಸರಿಯೇ ಇತ್ತು. ಅದು ಎದೆಯೊಳಗೆ ಇಳಿಯುತ್ತಿತ್ತೇ ಅನ್ನುವುದನ್ನು ಯಾವ ಪಾಠದಲ್ಲೂ ಯಾರೂ ಕೇಳಿರಲಿಲ್ಲ, ನಾನೂ.

ಹಾಗಾದರೆ ಪಂಪು ಹಿಡಿಯುವುದನ್ನು ನನಗೆ ಕಲಿಸಿದ್ದು ಯಾರು? ವಾಪಸ್ ಬರುವಾಗ ಬಸ್ಸಿನಲ್ಲಿ ಯೋಚಿಸಿ ಯೋಚಿಸಿ ನೆನಪಾಯಿತು. ಔಷಧಿ ಕಂಪನಿಯ ಒಬ್ಬ ಮೆಡಿಕಲ್ ರೆಪ್. ಮಧ್ಯಾಹ್ನ ಒಂದೂವರೆಗೆ, ಕ್ಲಿನಿಕ್ಕಿನ ಬಾಗಿಲಲ್ಲಿ ಬ್ಯಾಗು ತೆರೆದು ಎರಡು ನಿಮಿಷದಲ್ಲಿ ತೋರಿಸಿದ್ದ. ಅವನಿಗೂ ಯಾರು ಕಲಿಸಿದ್ದರೋ. ನಿಜ ಹೇಳಬೇಕೆಂದರೆ ಇಷ್ಟು ವರ್ಷದ ನನ್ನ ಮುಂದುವರಿದ ಶಿಕ್ಷಣ ಬಹುಪಾಲು ನಡೆದದ್ದು ಅದೇ ಬಾಗಿಲಲ್ಲಿ, ಅದೇ ಹೊತ್ತಿಗೆ, ಹೊಟ್ಟೆ ಹಸಿದಾಗ. ರೆಪ್‌ಗಳನ್ನು ಬೈಯುವುದು ಈಗ ಫ್ಯಾಷನ್ನು. ಆದರೆ ನನ್ನ ಟೇಬಲ್ಲಿನ ತನಕ ಬಂದವರು ಅವರೊಬ್ಬರೇ.

ನನ್ನ ಕೈ ಕೆಲಸ ಮಾಡುವುದನ್ನು ಪಕ್ಕದಲ್ಲಿ ನಿಂತು ಯಾರಾದರೂ ಕೊನೆಯ ಸಲ ನೋಡಿದ್ದು 1996ರಲ್ಲಿ. ಹೌಸ್ ಸರ್ಜನ್ ಆಗಿದ್ದೆ. ಕತ್ತಿ ತಾಗಿದ ಗಾಯಕ್ಕೆ ಹೊಲಿಗೆ ಹಾಕುತ್ತಿದ್ದಾಗ ಕ್ಯಾಶುವಾಲ್ಟಿಯ ಸಿಸ್ಟರ್ ‘ಡಾಕ್ಟ್ರೇ, ಗ್ಲೌಸು ಟೇಬಲ್ಲಿಗೆ ತಾಗ್ತು, ಬದಲಿಸಿ’ ಅಂದಿದ್ದರು. ಎಷ್ಟು ಸಿಟ್ಟು ಬಂದಿತ್ತು! ಆಮೇಲೆ ಊರಿಗೆ ಬಂದು ಬೋರ್ಡು ಹಾಕಿದೆ. ಅಲ್ಲಿಂದ ಇಲ್ಲಿಯವರೆಗೆ ಪರದೆಯ ಒಳಗೆ ನಾನು, ರೋಗಿ, ಅಷ್ಟೇ. ದೊಡ್ಡ ಆಸ್ಪತ್ರೆಯವರಿಗೆ ರೌಂಡ್ಸ್ ಇದೆ, ಕೇಳುವ ಜೂನಿಯರ್ ಇದ್ದಾರೆ, ಮೂಗು ಮುರಿಯುವ ಸೀನಿಯರ್ ಇದ್ದಾರೆ. ಫ್ಯಾಮಿಲಿ ಡಾಕ್ಟರ್ ತಪ್ಪು ಮಾಡಿದರೆ ಅದು ಹಾಗೇ ರೂಢಿಯಾಗುತ್ತದೆ. ರೂಢಿಯಾದದ್ದನ್ನು ಜನ ‘ಕೈಗುಣ’ ಅನ್ನುತ್ತಾರೆ.

ರಾತ್ರಿ ತಂಗಿಯ ಮಗಳಿಗೆ ಫೋನ್ ಮಾಡಿದೆ. ಇಂಗ್ಲೆಂಡಿನಲ್ಲಿ ಜಿಪಿ (ಅಲ್ಲಿನ ಫ್ಯಾಮಿಲಿ ಡಾಕ್ಟರ್) ತರಬೇತಿಯಲ್ಲಿದ್ದಾಳೆ, ಮೂರು ವರ್ಷದ್ದು. ಅಲ್ಲಿ ಕಲಿಸುವ ವೈದ್ಯರು ಇವಳು ರೋಗಿ ನೋಡುವಾಗ ಪಕ್ಕದಲ್ಲೇ ಕೂರುತ್ತಾರೆ. ಇಲ್ಲವೇ ರೋಗಿಯ ಒಪ್ಪಿಗೆ ಪಡೆದು ವಿಡಿಯೋ ಮಾಡಿ ಆಮೇಲೆ ಇಬ್ಬರೂ ಕೂತು ನೋಡುತ್ತಾರೆ. ‘ದೊಡ್ಡಮ್ಮ, ಅಜ್ಜಿಯೊಬ್ರು ಅಳ್ತಾ ಇದ್ದಾರೆ, ನಾನು ಕಂಪ್ಯೂಟರ್ ನೋಡ್ಕೊಂಡು ಅಲರ್ಜಿ ಇದ್ಯಾ ಅಂತ ಕೇಳ್ತಿದೀನಿ. ವಿಡಿಯೋ ನೋಡಿ ನನಗೇ ನಾಚಿಕೆ ಆಯ್ತು’ ಅಂದಳು. ತರಬೇತಿ ಮುಗಿದ ಮೇಲೂ ಬಿಡುಗಡೆ ಇಲ್ಲ. ವರ್ಷಕ್ಕೊಮ್ಮೆ ಇನ್ನೊಬ್ಬ ವೈದ್ಯರ ಜೊತೆ ಕೂತು ತನ್ನ ಕೆಲಸದ ಲೆಕ್ಕ ಒಪ್ಪಿಸಬೇಕು, ಐದು ವರ್ಷಕ್ಕೊಮ್ಮೆ ಮರುಮಾನ್ಯತೆ. ಇದು 2012ರ ಕೊನೆಯಿಂದ ಬಂದದ್ದು. ಕಾಗದಪತ್ರದ ಕಾಟ ಹೇಳತೀರದು ಅಂತ ಅವಳೇ ಗೊಣಗಿದಳು. ನಮ್ಮಲ್ಲೂ ಫ್ಯಾಮಿಲಿ ಮೆಡಿಸಿನ್‌ನಲ್ಲಿ ಎಂಬಿಬಿಎಸ್ ಆದ ಮೇಲೆ ಮಾಡುವ ಮೂರು ವರ್ಷದ ಡಿಎನ್‌ಬಿ ಇದೆ, ಎಂಡಿಯೂ ಬಂದಿದೆ. ನನ್ನ ಕಾಲದಲ್ಲಿ ಆ ಮಾತು ಕಿವಿಗೇ ಬಿದ್ದಿರಲಿಲ್ಲ. ತಜ್ಞರಾಗದೆ ಉಳಿದವರೇ ಫ್ಯಾಮಿಲಿ ಡಾಕ್ಟರ್, ಅಷ್ಟೇ ವ್ಯಾಖ್ಯೆ.

ಸೋಮವಾರ ಬೆಳಿಗ್ಗೆ ಮೂರನೆಯ ಟೋಕನ್ನು, ಅಡಿಕೆ ಸುಲಿಯಲು ಹೋಗುವ ಹೆಂಗಸು. ಆರು ವರ್ಷದಿಂದ ನನ್ನ ಹತ್ತಿರವೇ ಬರುತ್ತಾಳೆ. ‘ರಾತ್ರಿ ಮಲಗಕ್ಕೇ ಆಗಲ್ಲ’ ಅಂದಳು, ಎಂದಿನಂತೆ. ಎಂದಿನಂತೆ ಚೀಟಿ ಎಳೆದುಕೊಳ್ಳದೆ ‘ಪಂಪು ತಂದಿದ್ದೀಯಾ? ತಗೊಂಡು ತೋರಿಸು’ ಅಂದೆ. ಸೆರಗಿನ ಗಂಟು ಬಿಚ್ಚಿ ತೆಗೆದಳು. ಅಲ್ಲಾಡಿಸಿದಳು. ಬಾಯಿಗಿಟ್ಟು ಒತ್ತಿ, ಜೋರಾಗಿ ಎಳೆದು, ತಕ್ಷಣ ತೆಗೆದಳು. ಕನ್ನಡಿ ನೋಡಿದ ಹಾಗಾಯಿತು. ‘ಹಿಂಗೇ ಅಲ್ದಾ ಡಾಕ್ಟ್ರಮ್ಮ, ನೀವೇ ಹೇಳ್ಕೊಟ್ಟಿದ್ದು’ ಅಂದಳು.

ಅವಳ ಕಾರ್ಡು ತಿರುವಿದೆ. ಕಳೆದ ವರ್ಷ ಎರಡು ಸಲ ಡೋಸ್ ಏರಿಸಿದ್ದೇನೆ. ಎರಡನೆಯ ಸಲ ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ಒಂದು ಟಿಪ್ಪಣಿ: ‘ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ.’ ಅವಳು ಒಂದು ದಿನವೂ ತಪ್ಪಿಸಿರಲಿಲ್ಲ.

ಮೂರು ಸಲ ಹೇಳಿಕೊಟ್ಟರೂ ಒತ್ತುವುದು, ಎಳೆಯುವುದು ಅವಳಿಗೆ ಒಟ್ಟಿಗೆ ಬರಲಿಲ್ಲ. ಪಂಪಿಗೂ ಬಾಯಿಗೂ ನಡುವೆ ಇಟ್ಟು ಔಷಧಿಯನ್ನು ನಿಧಾನವಾಗಿ ಎಳೆಯಲು ಬಿಡುವ ಡಬ್ಬಿ, ಸ್ಪೇಸರ್, ಕೊಳ್ಳು ಅಂದರೆ ಒಂದು ದಿನದ ಕೂಲಿ ಹೋಗುತ್ತದೆ. ಅದಕ್ಕೂ ಆ ನರ್ಸ್ ಹುಡುಗಿ ದಾರಿ ತೋರಿಸಿದ್ದಳು, ಅರ್ಧ ಲೀಟರಿನ ನೀರಿನ ಬಾಟಲಿ. ದಕ್ಷಿಣ ಆಫ್ರಿಕಾದಲ್ಲಿ ಉಬ್ಬಸದ ಮಕ್ಕಳ ಮೇಲೆ ಪರೀಕ್ಷಿಸಿ, ಅಂಗಡಿಯ ಸ್ಪೇಸರ್‌ನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು 1999ರಲ್ಲೇ ಪ್ರಕಟಿಸಿದ್ದಾರೆ. ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತೆ. ಬಾಟಲಿಯ ತಳಕ್ಕೆ ಪಂಪಿನ ಬಾಯಿ ಒತ್ತಿ ಪೆನ್ನಿನಿಂದ ಗೀರು ಎಳೆದು, ತಂತಿ ಕಾಯಿಸಿ ಅದೇ ಆಕಾರಕ್ಕೆ ತೂತು ಕೊರೆದೆ. ಮೊದಲ ಎರಡು ಸುಟ್ಟು ಸೊಟ್ಟಗಾದವು. ‘ಇದೇನು, ಪಿಚಕಾರಿ ಮಾಡ್ತಿದ್ದೀಯಾ?’ ಅಂದರು ನಮ್ಮ ಯಜಮಾನರು. ಮೂರನೆಯದು ಪಂಪನ್ನು ಬಿಗಿಯಾಗಿ ಹಿಡಿಯಿತು. ಸೋಪುನೀರಲ್ಲಿ ಅದ್ದಿ, ಒರೆಸದೆ, ಹಾಗೇ ಒಣಗಲು ಬಿಟ್ಟೆ.

ಮಂಗಳವಾರ ಅವಳನ್ನು ಕರೆಸಿ ಬಾಟಲಿಯ ಬಾಯಿಗೆ ಬಾಯಿ ಇಡಿಸಿದೆ. ‘ಮೊದಲು ಉಸಿರು ಬಿಡು’ ಅಂದೆ. ಬಿಟ್ಟಳು. ಪಂಪು ಒತ್ತಿದೆ. ನಾಲ್ಕೈದು ಸಲ ಮೆಲ್ಲಗೆ ಉಸಿರಾಡಿದಳು. ಬಾಟಲಿಯೊಳಗಿನ ಬಿಳಿ ಮಂಜು ಕರಗಿ ಒಳಗೆ ಹೋದದ್ದು ಕಣ್ಣಿಗೇ ಕಂಡಿತು.

ನನ್ನ ಹತ್ತಿರ ಪಂಪು ಬಳಸುವವರು ನಲವತ್ತು ಜನರಾದರೂ ಇದ್ದಾರೆ. ಅದರಲ್ಲೊಬ್ಬರು ನಿವೃತ್ತ ಮೇಷ್ಟ್ರು. ಪುಡಿ ಔಷಧಿಯನ್ನು ಎಳೆಯುವ ಸಾಧನ ರೋಟಾಹೇಲರಿಗೆ ಹಾಕಬೇಕಾದ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುತ್ತಿದ್ದರು ಎಂದು ನಿನ್ನೆ ಗೊತ್ತಾಯಿತು. ಇನ್ನೂ ಯಾರು ಏನು ಮಾಡುತ್ತಿದ್ದಾರೋ. ಮತ್ತೆ ಇದು ಬರೀ ಪಂಪಿನ ಮಾತು. ಇನ್ಸುಲಿನ್ ಚುಚ್ಚುವುದು ನಾನು ಹೇಳಿಕೊಟ್ಟದ್ದೇ, ಬಿಪಿ ಪಟ್ಟಿ ಸುತ್ತುವುದೂ ನನ್ನದೇ ರೂಢಿ.

ಇವತ್ತು ಬೆಳಿಗ್ಗೆ ಆ ಹುಡುಗಿಗೆ ಫೋನ್ ಮಾಡಿದೆ. ಒಂದು ಮಧ್ಯಾಹ್ನ ಬಂದು ನನ್ನ ಕ್ಲಿನಿಕ್ಕಿನಲ್ಲಿ ಸುಮ್ಮನೆ ಕೂತು ನೋಡ್ತೀಯಾ, ತಪ್ಪಿದ್ದರೆ ಹೇಳು ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಆದ್ರೆ ಮೇಡಂ, ಅದಕ್ಕೆ ನಿಮಗೆ ಕ್ರೆಡಿಟ್ ಅವರ್ ಸಿಗಲ್ವಲ್ಲ?’ ಅಂದಳು.

ಸಿಗಲ್ಲ ಅಂದೆ. ಬುಧವಾರ ಎರಡು ಗಂಟೆಯ ಬಸ್ಸಿಗೆ ಬರುತ್ತಾಳೆ.