ಐದು ಬಂತು ಅಪ್ಪ

30 ಮಾರ್ಚ್ 2025, ಭಾನುವಾರ
ಆಖೆನ್, ಜರ್ಮನಿ

ಇವತ್ತು ಯುಗಾದಿ. ವಿಶ್ವಾವಸು ಸಂವತ್ಸರ ಶುರುವಾಯಿತು. ರಾತ್ರಿ ಎರಡು ಗಂಟೆಗೆ ಇಲ್ಲಿನ ಗಡಿಯಾರಗಳು ಒಂದೇ ಸಲ ಮೂರಕ್ಕೆ ಹೋದವು. ಯುರೋಪಿನ ಹೆಚ್ಚಿನ ದೇಶಗಳಲ್ಲಿ ಪ್ರತಿ ವರ್ಷ ಮಾರ್ಚ್ ಕೊನೆಯ ಭಾನುವಾರ ಹೀಗೆ ಮಾಡುತ್ತಾರೆ. ಅಕ್ಟೋಬರ್ ಕೊನೆಯ ಭಾನುವಾರ ಆ ಗಂಟೆಯನ್ನು ವಾಪಸ್ ಕೊಡುತ್ತಾರೆ. ನಿನ್ನೆಯವರೆಗೆ ದಾವಣಗೆರೆ ನನಗಿಂತ ನಾಲ್ಕೂವರೆ ಗಂಟೆ ಮುಂದಿತ್ತು. ಇವತ್ತಿನಿಂದ ಮೂರೂವರೆ. ನಾನು ಮಲಗಿದ್ದಾಗ ನಮ್ಮೂರು ಒಂದು ಗಂಟೆ ಹತ್ತಿರ ಬಂದಿತ್ತು.

ಆ ಒಂದು ಗಂಟೆಯನ್ನು ನಾನು ಮರೆತಿದ್ದೆ. ಅದಕ್ಕೇ ಇವತ್ತು ಅಮ್ಮನ ಹತ್ತಿರ ಮೊದಲು ಹೇಳಬೇಕು ಅಂದುಕೊಂಡಿದ್ದ ಮಾತನ್ನು ನೇರವಾಗಿ ಅಪ್ಪನಿಗೇ ಹೇಳಬೇಕಾಯಿತು.

ಏನಾಯಿತು ಅಂತ ಮೊದಲಿನಿಂದ ಬರೆಯುತ್ತೇನೆ.

ಫೆಬ್ರವರಿ ಮೊದಲ ವಾರ ನನ್ನ ಮಾಸ್ಟರ್ಸ್‌ನ ಮೊದಲ ದೊಡ್ಡ ಪರೀಕ್ಷೆ ಇತ್ತು. ವಿಷಯ ಫೈನೈಟ್ ಎಲಿಮೆಂಟ್, ಅಂದರೆ ಒಂದು ವಸ್ತುವನ್ನು ಸಣ್ಣ ತುಂಡುಗಳಾಗಿ ಒಡೆದು ಅದು ಹೇಗೆ ಬಾಗುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನ. ಫಲಿತಾಂಶ ಬಂದಿದ್ದು ಫೆಬ್ರವರಿ 27ರ ಗುರುವಾರ. ಇಲ್ಲಿ ಅವತ್ತು ಕಾರ್ನಿವಲ್. ಆ ದಿನ ಹೆಂಗಸರು ಕತ್ತರಿ ಹಿಡಿದು ಗಂಡಸರ ಟೈ ಕತ್ತರಿಸುತ್ತಾರೆ. ಊರಿಗೆ ಊರೇ ವೇಷ ಹಾಕಿಕೊಂಡು ಬೀದಿಗೆ ಬಂದಿತ್ತು. ನಾನು ಬಿಸಿನೀರಿನ ಬುಗ್ಗೆಯ ಪಕ್ಕದ ಕಂಬಕ್ಕೆ ಒರಗಿ ನಿಂತು ಫೋನ್ ನೋಡಿದೆ. ಎಲಿಜೆನ್‌ಬ್ರುನ್ನನ್ ಅಂತ ಆ ಜಾಗದ ಹೆಸರು. ಅಲ್ಲಿ ಸದಾ ಗಂಧಕದ ವಾಸನೆ, ಹಳಸಿದ ಮೊಟ್ಟೆಯ ಹಾಗೆ. ಫೋನಿನಲ್ಲಿ 5.0 ಅಂತ ಇತ್ತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಅಂಕ ನಮ್ಮದಕ್ಕೆ ತಿರುಗುಮುರುಗು. 1.0 ಬಂದರೆ ಎಲ್ಲಕ್ಕಿಂತ ಮೇಲು. 4.0 ಬಂದರೆ ಹೇಗೋ ಪಾಸು. 5.0 ಅಂದರೆ ಫೇಲು.

ಅವತ್ತು ಸಂಜೆ ಅಪ್ಪ ಫೋನ್ ಮಾಡಿದರು. ರಿಸಲ್ಟ್ ಬರುವ ವಾರ ಅಂತ ಅವರಿಗೆ ನೆನಪಿತ್ತು. "ಪರೀಕ್ಷೆ ಹೆಂಗಾಯ್ತವ್ವ?" ಅಂದರು. ನನ್ನ ಬಾಯಿಂದ ಬಂದಿದ್ದು ಇಷ್ಟೇ: "ಐದು ಬಂತು ಅಪ್ಪ."

"ಐದಕ್ಕೆ ಐದಾ!" ಅಂದರು. ಆ ದನಿಯಲ್ಲಿದ್ದ ಖುಷಿ ನನಗೆ ಇನ್ನೂ ಕಿವಿಯಲ್ಲಿದೆ. ನಾನು ಅಲ್ಲ ಅನ್ನಲಿಲ್ಲ. ಹೌದು ಅಂತಲೂ ಅನ್ನಲಿಲ್ಲ. ಸುಮ್ಮನಿದ್ದೆ. ಮಾರನೇ ದಿನ ಅಮ್ಮ ಹೇಳಿದಳು, ಅಪ್ಪ ಭಟ್ಟಿಯಲ್ಲಿ ಎಲ್ಲರಿಗೂ ಪೇಡಾ ಹಂಚಿದರಂತೆ.

ಅಪ್ಪನದು ಮಂಡಕ್ಕಿ ಭಟ್ಟಿ. ಬೆಳಿಗ್ಗೆ ಮೂರಕ್ಕೇ ಎದ್ದು ಹೋಗುತ್ತಾರೆ. ಕಾದ ಮರಳಿನ ಮುಂದೆ ನಿಂತು ನಿಂತು ಅವರ ಮುಖ, ಕೈ ಎಲ್ಲ ಕಪ್ಪಿಟ್ಟಿದೆ. ಆ ಬಿಸಿಯಿಂದ ಬಂದ ದುಡ್ಡಿನಲ್ಲಿ ನಾನು ಇಲ್ಲಿ ಬಂದು ಕೂತಿದ್ದೇನೆ. ವೀಸಾಕ್ಕೆ ಮೊದಲು ನಮ್ಮ ಸರ್ಟಿಫಿಕೇಟುಗಳನ್ನು ಜರ್ಮನ್ ರಾಯಭಾರ ಕಚೇರಿಯ ಪರಿಶೀಲನಾ ಕೇಂದ್ರವಾದ ಎಪಿಎಸ್‌ನಲ್ಲಿ ಪರಿಶೀಲನೆ ಮಾಡಿಸಬೇಕು, ಅದಕ್ಕೆ 18,000 ರೂಪಾಯಿ. ಆಮೇಲೆ ಬ್ಲಾಕ್ಡ್ ಅಕೌಂಟ್, ಅಂದರೆ ಇಲ್ಲಿನ ಒಂದು ವರ್ಷದ ಖರ್ಚಿನ ಹಣವನ್ನು ಮೊದಲೇ ಇಡಬೇಕಾದ ಖಾತೆ. ನಾನು ಅರ್ಜಿ ಹಾಕಿದಾಗ ಅದು 11,208 ಯೂರೋ, ನಮ್ಮ ದುಡ್ಡಿನಲ್ಲಿ ಹತ್ತು ಲಕ್ಷದ ಮೇಲೆ. ಸೆಪ್ಟೆಂಬರಿನಿಂದ ಅದನ್ನು 11,904ಕ್ಕೆ ಏರಿಸಿದ್ದಾರೆ. ಆ ಹಣ ಪೂರ್ತಿ ನಮ್ಮದೇ, ಆದರೆ ಒಟ್ಟಿಗೆ ತೆಗೆಯುವ ಹಾಗಿಲ್ಲ. ನನಗೆ ತಿಂಗಳಿಗೆ 934 ಯೂರೋ ಬಿಡುಗಡೆ ಆಗುತ್ತದೆ. ಏಳೂವರೆ ಲಕ್ಷದ ಮೇಲಿನ ಸಾಲಕ್ಕೆ ಬ್ಯಾಂಕಿನಲ್ಲಿ ಅಡಮಾನ ಕೇಳಿದರು. ಅಪ್ಪ ನಮ್ಮ ಒಂದೇ ಒಂದು ಸೈಟಿನ ಪತ್ರ ಕೊಟ್ಟರು. ಆಖೆನ್ ಇರುವ ಈ ಜರ್ಮನ್ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಆರು ತಿಂಗಳಿಗೆ ಸುಮಾರು 300 ಯೂರೋ ಕಟ್ಟಿದರೆ ಬಸ್ಸು, ರೈಲಿನ ಪಾಸೂ ಅದರಲ್ಲೇ ಬರುತ್ತದೆ. ಅದನ್ನು ಕೇಳಿಯೇ ಅಪ್ಪ ಧೈರ್ಯ ಮಾಡಿದ್ದು.

ಇಷ್ಟೆಲ್ಲ ಗೊತ್ತಿದ್ದೂ ಫೇಲಾಗಿದ್ದೇನೆ ಅಂತ ಹೇಗೆ ಹೇಳಲಿ? ಒಂದು ತಿಂಗಳು ಹೇಳಲಿಲ್ಲ. ಪ್ರತಿ ಫೋನಿನಲ್ಲೂ ಬೇರೆ ಮಾತು ತೆಗೆದೆ. ಮಳೆಯ ಬಗ್ಗೆ ಹೇಳಿದೆ, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದರೆ ಗಂಟೆಗೆ 12.82 ಯೂರೋ ಕೊಡುತ್ತಾರೆ ಅಂತ ಹೇಳಿದೆ. ಅಮ್ಮ ಮಾತ್ರ ಒಂದು ಸಲ "ದನಿ ಯಾಕೋ ಸಣ್ಣಗಿದೆ" ಅಂದಳು.

ಮೊನ್ನೆ ಶುಕ್ರವಾರ ಐನ್‌ಜಿಖ್ಟ್ ಇತ್ತು. ಅಂದರೆ ನಮ್ಮ ಉತ್ತರ ಪತ್ರಿಕೆಯನ್ನು ನಾವೇ ಹೋಗಿ ನೋಡುವುದು. ಊರಲ್ಲಿ ಓದುವಾಗ ಫೋಟೋಕಾಪಿಗೆ ದುಡ್ಡು ಕಟ್ಟುತ್ತಿದ್ದೆವು, ರಿವ್ಯಾಲ್ಯುಯೇಷನ್‌ಗೆ ಮತ್ತೆ ದುಡ್ಡು. ಇಲ್ಲಿ ಅದೇನೂ ಇಲ್ಲ. ದಿನ, ಸಮಯ ಹೇಳುತ್ತಾರೆ. ಗುರುತಿನ ಚೀಟಿ ತೋರಿಸಿ, ಫೋನು, ಪೆನ್ನು ಬ್ಯಾಗಿನಲ್ಲಿಟ್ಟು, ನಮ್ಮ ಪತ್ರಿಕೆ ಮುಂದಿಟ್ಟುಕೊಂಡು ಕೂರಬೇಕು. ಅರ್ಥವಾಗದಿದ್ದರೆ ತಿದ್ದಿದವರನ್ನೇ ಕೇಳಬಹುದು. ನನಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ಹೋಗುವುದೋ ಬೇಡವೋ ಅಂತ ಬಾಗಿಲವರೆಗೂ ಅನುಮಾನ. ನನ್ನ ಜೊತೆ ಫೇಲಾದ ಇಬ್ಬರು ನಮ್ಮ ದೇಶದ ಹುಡುಗರು ಬರಲೇ ಇಲ್ಲ. ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಕೆಂಪು ಗೆರೆಗಳನ್ನು ನೋಡಲು ಹೊಟ್ಟೆಯಲ್ಲಿ ಗಟ್ಟಿತನ ಬೇಕು.

ಮೂರನೇ ಪ್ರಶ್ನೆಗೆ ಎಂಟು ಅಂಕ ಇತ್ತು. ನಾನು ಒಂದೂವರೆ ಪುಟ ಬರೆದಿದ್ದೆ. ಬಂದಿದ್ದು ಸೊನ್ನೆ. ಪ್ರಶ್ನೆ ಹೀಗಿತ್ತು: ಒಂದು ತೊಲೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದಾರೆ. ನಿಜವಾದ ತೊಲೆ ಬಾಗುವುದಕ್ಕಿಂತ ಲೆಕ್ಕದಲ್ಲಿ ಕಡಿಮೆ ಬಾಗಿದೆ. ಯಾಕೆ? ಅದನ್ನು ಹೇಗೆ ಪತ್ತೆ ಮಾಡುತ್ತೀರಿ?

ನಾನು ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್, ಅಂದರೆ ತೊಲೆಯ ಗಟ್ಟಿತನವನ್ನು ಲೆಕ್ಕಕ್ಕೆ ತರುವ ಕೋಷ್ಟಕ, ಹೇಗೆ ಬರುತ್ತದೆ ಅಂತ ಮೊದಲಿನಿಂದ ಕೊನೆಯವರೆಗೆ ಬರೆದಿದ್ದೆ. ಒಂದು ಚಿಹ್ನೆಯೂ ತಪ್ಪಿರಲಿಲ್ಲ. ಬಿ.ಇ.ಯಲ್ಲಿ ಇದೇ ಡೆರಿವೇಷನ್‌ಗೆ ನನಗೆ ಪೂರ್ತಿ ಅಂಕ ಬಂದಿತ್ತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲು: ಸರಿ ಇದೆ, ಆದರೆ ಕೇಳಿದ್ದು ಇದನ್ನಲ್ಲ.

ತಿದ್ದಿದ ಹುಡುಗ ಪಿಎಚ್.ಡಿ. ಮಾಡುತ್ತಿರುವವನು. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತ. "ಈಗ ಹೇಳು, ಯಾಕೆ ಕಡಿಮೆ ಬಾಗಿತು?" ಅಂದ. ಯೋಚಿಸಿ ಹೇಳಿದೆ. ನಾಲ್ಕು ಮೂಲೆಯ ಆ ಸರಳ ಚೌಕದ ಅಂಚು ನೇರವಾಗಿಯೇ ಉಳಿಯುತ್ತದೆ. ಅದಕ್ಕೆ ಬಾಗಲು ಬರುವುದಿಲ್ಲ. ಹಾಗಾಗಿ ಲೆಕ್ಕದಲ್ಲಿ ತೊಲೆ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಚೌಕಗಳನ್ನು ಇನ್ನೂ ಸಣ್ಣದು ಮಾಡಿ ನೋಡಬೇಕು, ಇಲ್ಲವೇ ಬೇರೆ ಬಗೆಯ ಎಲಿಮೆಂಟ್ ಹಾಕಬೇಕು. ಅವನು ತಲೆ ಆಡಿಸಿದ. "ಇಷ್ಟು ಬರೆದಿದ್ದರೆ ಸಾಕಿತ್ತು." ನಾಲ್ಕು ಸಾಲು! ನನಗೆ ಗೊತ್ತಿದ್ದದ್ದೇ. ಕೇಳಿದ್ದಕ್ಕೆ ನಾಲ್ಕು ಸಾಲು ಸಾಲುವುದಿಲ್ಲ, ಓದಿದ್ದನ್ನೆಲ್ಲ ತುಂಬಬೇಕು ಅಂತ ಕೈಗೆ ಅಭ್ಯಾಸವಾಗಿತ್ತು. ಹೊಸದಾಗಿ ಬರುವವರಿಗೆ ಇದನ್ನು ಒತ್ತಿ ಹೇಳಬೇಕು ಅನ್ನಿಸುತ್ತಿದೆ. ಇಲ್ಲಿ ಲೆಕ್ಚರ್‌ಗೆ ಅಟೆಂಡೆನ್ಸ್ ಇಲ್ಲ. ನನ್ನ ವಿಷಯದಲ್ಲಿ ಇಂಟರ್ನಲ್ಸ್ ಕೂಡ ಇರಲಿಲ್ಲ, ಪೂರ್ತಿ ಅಂಕ ಆ ಒಂದು ಪರೀಕ್ಷೆಗೇ. ಒಂದು ವಿಷಯಕ್ಕೆ ಮೂರೇ ಅವಕಾಶ. ಮೂರನೇ ಸಲವೂ ಹೋದರೆ ಕೋರ್ಸೇ ಬಿಡಬೇಕು. ಮೊದಲ ಅವಕಾಶವನ್ನು ನಾನು ಹಳೇ ಅಭ್ಯಾಸಕ್ಕೆ ಕೊಟ್ಟುಬಿಟ್ಟೆ.

ಹೊರಗೆ ಬಂದಾಗ ಎದೆ ಹಗುರವಾಗಿತ್ತು. ಯುಗಾದಿ ದಿನ ಹೇಳಿಬಿಡೋಣ ಅಂತ ಅವತ್ತೇ ತೀರ್ಮಾನ ಮಾಡಿದೆ. ಮೊದಲು ಅಮ್ಮನಿಗೆ, ಆಮೇಲೆ ಅವಳ ಮೂಲಕ ಅಪ್ಪನಿಗೆ.

ಇವತ್ತು ನನ್ನ ಒಂಬತ್ತು ಗಂಟೆಗೆ ಫೋನ್ ಮಾಡಿದೆ. ಊರಲ್ಲಿ ಒಂದೂವರೆ ಆಗಿರುತ್ತದೆ, ಪೂಜೆ, ಊಟ ಎಲ್ಲ ಮುಗಿದಿರುತ್ತದೆ ಅಂತ ಲೆಕ್ಕ. ಐದು ತಿಂಗಳಿಂದ ನಾಲ್ಕೂವರೆ ಕೂಡಿಸಿ ಕೂಡಿಸಿ ಅದೇ ಬಾಯಿಗೆ ಬರುತ್ತದೆ. ಫೋನ್ ಎತ್ತಿದ್ದು ಅಪ್ಪ.

"ಇಷ್ಟು ಬೇಗ ಮಾಡಿದ್ಯಲ್ಲವ್ವ, ಇನ್ನೂ ಹನ್ನೆರಡೂವರೆ. ನಿಮ್ಮಮ್ಮ ಹೋಳಿಗೆ ತಟ್ತಾ ಇದಾಳೆ. ಕೈ ಬಿಡುವಿಲ್ಲ."

ಆಮೇಲೆ ಮಾಡ್ತೀನಿ ಅನ್ನಬಹುದಿತ್ತು. ಆದರೆ ಆಮೇಲೆ ಹೇಳುವ ಧೈರ್ಯ ಇರುತ್ತದೋ ಇಲ್ಲವೋ ಅನ್ನಿಸಿತು.

"ಅಪ್ಪ, ಅವತ್ತು ಐದು ಬಂತು ಅಂದಿದ್ದೆನಲ್ಲ. ಇಲ್ಲಿ ಐದು ಅಂದ್ರೆ ಫೇಲು. ಒಂದು ಬಂದ್ರೆ ಒಳ್ಳೇದು."

ಆ ಕಡೆ ಮಾತಿಲ್ಲ. ಕುಕ್ಕರ್ ಕೂಗಿದ್ದು ಕೇಳಿಸಿತು. ಅಮ್ಮ ಯಾರನ್ನೋ ತುಪ್ಪ ಕೊಡು ಅಂದಿದ್ದು ಕೇಳಿಸಿತು.

"ಒಂದೇ ಸಬ್ಜೆಕ್ಟಾ?"

"ಒಂದೇ ಅಪ್ಪ."

"ಮತ್ತೆ ಬರೀಬಹುದಾ?"

"ಇನ್ನೆರಡು ಸಲ. ದುಡ್ಡೇನೂ ಕಟ್ಟೋದಿಲ್ಲ."

"ಏನು ತಪ್ಪು ಬರೆದಿದ್ದೆ?"

ಈ ಪ್ರಶ್ನೆಯನ್ನು ನಾನು ನಿರೀಕ್ಷೆ ಮಾಡಿರಲಿಲ್ಲ. ಅಪ್ಪ ಓದಿದ್ದು ಏಳನೇ ಕ್ಲಾಸು. ಆದರೂ ತೊಲೆ ಅಂದರೆ ಅವರಿಗೆ ಗೊತ್ತು, ಭಟ್ಟಿಯ ಮೇಲಿನ ತೊಲೆಯನ್ನು ಅವರೇ ಎರಡು ಸಲ ಬದಲಾಯಿಸಿದ್ದಾರೆ. ಎಲ್ಲ ಬಿಡಿಸಿ ಹೇಳಿದೆ. ಚೌಕ ಬಾಗದ ಕಥೆ, ಒಂದೂವರೆ ಪುಟದ ಕಥೆ, ಕೆಂಪು ಶಾಯಿಯ ಸಾಲು. ಪೂರ್ತಿ ಕೇಳಿದರು.

"ಅಂದ್ರೆ ಅವರು ಕೇಳಿದ್ದು ಬಿಟ್ಟು ಬೇರೆದು ಬರೆದು ಬಂದಿದೀಯ."

"ಹೂಂ ಅಪ್ಪ."

"ನನಗೂ ಹಂಗೇ ಮಾಡಿದೆ ನೋಡು. ಪರೀಕ್ಷೆ ಹೆಂಗಾಯ್ತು ಅಂತ ನಾನು ಕೇಳಿದ್ದು. ನೀನು ನಂಬರ್ ಹೇಳಿದೆ."

ಬೈಯುವ ದನಿಯಲ್ಲ. ಮೆಲ್ಲಗೆ ಹೇಳಿದರು. ನನಗೆ ಅಳು ಬಂತು. ಅಪ್ಪ ಅಳಬೇಡ ಅನ್ನಲೂ ಇಲ್ಲ, ಫೋನ್ ಇಡಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಬೇವು ಬೆಲ್ಲ ತಿಂದೆಯಾ ಅಂತ ಕೇಳಿದರು. ಬೇವು ಸಿಗುವುದಿಲ್ಲ, ಮೆಂತ್ಯದ ಕಾಳಿಗೆ ಬೆಲ್ಲ ಸೇರಿಸಿ ತಿಂದೆ ಅಂದೆ. ಹೋಳಿಗೆಗೆ ಎಲ್ಲ ಇದೆ, ಮೈದಾ ಇಲ್ಲ, ಭಾನುವಾರ ಅಂಗಡಿ ಮುಚ್ಚಿರುತ್ತದೆ ಅಂದೆ. "ಹಬ್ಬದ ದಿನ ಹೋಳಿಗೆ ಇಲ್ದೆ ಇರಬೇಡ, ಎಲ್ಲಾದ್ರೂ ಸಿಗುತ್ತೇನೋ ನೋಡು" ಅಂದರು.

ಸಿಕ್ಕಿತು, ಬೇರೆ ದೇಶದಲ್ಲಿ! ಆಖೆನ್ ಇರುವುದೇ ಮೂರು ದೇಶ ಸೇರುವ ಮೂಲೆಯಲ್ಲಿ. ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ನೆದರ್‌ಲ್ಯಾಂಡ್ಸಿನ ಫಾಲ್ಸ್ ಅನ್ನುವ ಊರು. ಅಲ್ಲಿ ಭಾನುವಾರವೂ ಸೂಪರ್ ಮಾರ್ಕೆಟ್ ತೆಗೆದಿರುತ್ತದೆ. ಕಳೆದ ಸೆಪ್ಟೆಂಬರಿನಿಂದ ಜರ್ಮನಿ ಈ ಗಡಿಯಲ್ಲೂ ಮತ್ತೆ ತಪಾಸಣೆ ಶುರು ಮಾಡಿದೆ, ಅದಕ್ಕೆ ಪಾಸ್‌ಪೋರ್ಟ್ ಇಟ್ಟುಕೊಂಡು ಹೋದೆ. ಯಾರೂ ತಡೆಯಲಿಲ್ಲ. ಒಂದು ಕೆ.ಜಿ. ಹಿಟ್ಟು ತಂದೆ.

ಹೂರಣ ರುಬ್ಬಲು ಮಿಕ್ಸಿ ಹಾಕುವ ಹಾಗಿಲ್ಲ. ಭಾನುವಾರ ಇಲ್ಲಿ ಸದ್ದು ಮಾಡಬಾರದು, ಪಕ್ಕದವರು ಬಂದು ಬಾಗಿಲು ತಟ್ಟುತ್ತಾರೆ. ಅಮ್ಮ ಕೊಟ್ಟ ಸ್ಟೀಲ್ ಲೋಟದ ತಳದಲ್ಲಿ ಬೇಳೆ, ಬೆಲ್ಲ ಒತ್ತಿ ಒತ್ತಿ ಅರೆದೆ. ಮುಕ್ಕಾಲು ಗಂಟೆ ಹಿಡಿಯಿತು. ಹೂರಣ ತರಿತರಿಯಾಗಿಯೇ ಉಳಿಯಿತು, ಎರಡು ಹೋಳಿಗೆ ಹರಿದವು. ಪರವಾಗಿಲ್ಲ, ಏಳು ಚೆನ್ನಾಗಿ ಬಂದವು.

ಪಕ್ಕದ ರೂಮಿನ ತುರ್ಕಿ ಹುಡುಗಿಗೂ ಇವತ್ತೇ ಹಬ್ಬ. ರಂಜಾನ್ ಉಪವಾಸ ಮುಗಿದು ಅವರ ಬೈರಾಮ್. ಅವಳು ಬಕ್ಲಾವಾ ತಂದಳು, ನಾನು ಹೋಳಿಗೆ ಕೊಟ್ಟೆ. ಅವಳ ಮನೆಯವರು ವಿಡಿಯೋ ಕಾಲ್‌ನಲ್ಲಿ ಸಾಲಾಗಿ ಕೂತಿದ್ದರು, ಅವಳ ಅಜ್ಜಿ ನನಗೂ ಕೈ ಬೀಸಿದರು. ನಾನೂ ಕೈ ಮುಗಿದೆ. ಅಡುಗೆ ಮನೆಯ ಗೋಡೆ ಗಡಿಯಾರ ಇನ್ನೂ ಹಳೇ ಟೈಮ್ ತೋರಿಸುತ್ತಿತ್ತು. ಅವಳು ಕುರ್ಚಿ ಹತ್ತಿ ಮುಳ್ಳು ತಿರುಗಿಸಿದಳು, ನಾನು ಕುರ್ಚಿ ಹಿಡಿದುಕೊಂಡೆ.

ಸಂಜೆ ಅಪ್ಪನಿಂದ ಒಂದು ವಾಯ್ಸ್ ಮೆಸೇಜ್ ಬಂತು. ಅಪ್ಪನಿಗೆ ಟೈಪ್ ಮಾಡಲು ಬರುವುದಿಲ್ಲ. ಹಿಂದೆ ಯಾರೋ ಪಂಚಾಂಗ ಓದುತ್ತಿದ್ದರು. ಅಪ್ಪ ಹೇಳಿದ್ದು ಇಷ್ಟು:

"ಪೇಡಾ ತಿಂದೋರಿಗೆಲ್ಲ ನಾನೇ ಹೇಳಿ ಬಂದೆ. ನಮ್ಮ ಹುಡುಗೀದು ಹೋಗಿದೆ, ಮತ್ತೆ ಬರೀತಾಳೆ ಅಂತ. ನೀನು ಅದ್ರ ಯೋಚನೆ ಮಾಡಬೇಡ. ಮುಂದಿನ ಪರೀಕ್ಷೆ ಯಾವಾಗ ಅಂತ ತಾರೀಕು ಹೇಳು, ಕ್ಯಾಲೆಂಡರಲ್ಲಿ ಬರ್ಕೋತೀನಿ."

ನಾಳೆ ಹೋಗಿ ತಾರೀಕು ನೋಡಬೇಕು.